ಹತ್ತು ಜನರ ಎಣಿಕೆ

ವಿವಾಹದ ನಿಮಿತ್ತವೋ ಉದ್ಯೋಗದ ನಿಮಿತ್ತವೋ ಪರಸ್ಥಳಗಳಿಗೆ ಹೋದ ನಮ್ಮ ಹಳೆಯ ವಿದ್ಯಾರ್ಥಿನಿಯರು, "ಇಲ್ಲಿ ನಮ್ಮವರೆಂಬವರು ಯಾರೂ ಇಲ್ಲ" ಎಂದು ನಮಗೆ ಬರೆಯುವದುಂಟು. ಒಂದು ಸಭೆಯಲ್ಲಿ ಕುಳಿತಿರುವದು ಬೇರೆ, ಆ ಸಭೆಗೆ ಸೇರಿದವರಾಗಿರುವದು ಬೇರೆ. ಈ ಭೇದವನ್ನು ಯೆಹೂದ್ಯರ ಒಂದು ನಿಯಮವು ಸ್ಪಷ್ಟವಾಗಿ ತೋರಿಸುವದರಿಂದ ಅದನ್ನಿಲ್ಲಿ ವಿವರಿಸಲಪೇಕ್ಷಿಸುತ್ತೇವೆ.

ಯೆಹೂದ್ಯರ ಸಭಾಮಂದಿರಕ್ಕೆ ಇಬ್ರಿಯ ಭಾಷೆಯಲ್ಲಿ "ಕೂಡುವ ಮನೆ" ಎಂಬರ್ಥದ ಹೆಸರಿದೆ. ಅಲ್ಲಿ ಮುಖ್ಯವಾದ ಸಾಮೂಹಿಕ ಪ್ರಾರ್ಥನೆಗಳು ನಡೆಯಬೇಕಾದರೆ ಹದಿಮೂರು ವರ್ಷ ತುಂಬಿದ ಹತ್ತು ಮಂದಿ ಪುರುಷರು ನೆರೆದಿರಬೇಕೆಂಬದು ಪುರಾತನ ಪದ್ಧತಿ. ಈ ಹತ್ತರ ಕೂಟಕ್ಕೆ ಮಿನ್ಯಾನ್ ಎಂದು ಹೆಸರು. ಒಂಭತ್ತು ಮಂದಿ ಪಂಡಿತರಿದ್ದರೂ ಸಾಲದು. ಹತ್ತನೆಯವನು ಬಡ ಕೂಲಿಯವನಾದರೂ ಅವನು ಬಂದಲ್ಲದೆ ಪ್ರಾರ್ಥನೆ ನಡೆಯದು. ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮಗನು ಹನ್ನೊಂದು ತಿಂಗಳು ಕದ್ದಿಷ್ ಎಂಬ ದೇವಸ್ತೋತ್ರವನ್ನು ಹೇಳುವನು. ಇದನ್ನೂ ಹತ್ತು ಮಂದಿಯ ನಡುವೆಯೇ ಹೇಳತಕ್ಕದ್ದು. ಹೀಗೆ ದುಃಖಿತನು ನೆರೆಯವರ ಬಳಿಗೆ ಬರಲೇಬೇಕಾಗುವದು. ನೆರೆಯವರೂ ಅವನಿಗಾಗಿ ಬರಲೇಬೇಕಾಗುವದು.

ನಮ್ಮ ದೇಶದ ಕೊಂಕಣ ತೀರದಲ್ಲಿ ಗಾಣದ ಕಸುಬು ಮಾಡುತ್ತಿದ್ದ ಬೆನೆ ಇಸ್ರಾಯೇಲರು ಸಬ್ಬತ್ ದಿನದಲ್ಲಿ ಗಾಣವನ್ನು ನಿಲ್ಲಿಸುತ್ತಿದ್ದುದರಿಂದ "ಶನಿವಾರ ತೇಲಿ"ಗಳೆನಿಸಿಕೊಂಡರು. 1796ರಲ್ಲಿ ಸಾಮ್ಯುವೆಲ್ ಎಜೆಕಿಯೆಲ್ ದಿವೇಕರರು ಮುಂಬಯಿಯಲ್ಲಿ ಅವರಿಗಾಗಿ ಮೊದಲನೆಯ ಸಭಾಮಂದಿರವನ್ನು ಕಟ್ಟಿಸಿದರು. 1948ರಲ್ಲಿ ಇಸ್ರಾಯೇಲ್ ರಾಜ್ಯವು ಸ್ಥಾಪಿತವಾದ ಮೇಲೆ ಇವರಲ್ಲಿ ಅನೇಕರು ಅಲ್ಲಿಗೆ ಹೋದರು. ಆದರೆ ವಿವಾಹದ ವಿಷಯದಲ್ಲಿ ಅಲ್ಲಿನ ಧರ್ಮಗುರುಗಳು ಇವರ ಯೆಹೂದ್ಯತ್ವವನ್ನೇ ಸಂಶಯಿಸಿದರು. ಬೆನೆ ಇಸ್ರಾಯೇಲರು ಪ್ರತಿಭಟಿಸಿದರು. ಇವರು ಎಲ್ಲಾ ವಿಧದಲ್ಲಿಯೂ ಯೆಹೂದ್ಯರೇ ಎಂದು 1964ರಲ್ಲಿ ಸರಕಾರವು ಸಾರಬೇಕಾಯಿತು. ತಮ್ಮವರಿಂದಲೇ ಎಣಿಕೆಯ ಹೊರಗಿಡಲ್ಪಡುವ ನೋವು ಎಷ್ಟೆಂಬದನ್ನು ಊಹಿಸಬಹುದು.

ಹಳೆಯ ಪದ್ಧತಿಯಂತೆ ಆ ಹತ್ತರೊಳಗೆ ಸ್ತ್ರೀಯರು ಸೇರುತ್ತಿರಲಿಲ್ಲ. ಸಂಪ್ರದಾಯಸ್ಥರಲ್ಲಿ ಈಗಲೂ ಸೇರುವದಿಲ್ಲ. ಹುಡುಗಿಯರಿಗೆ ಪಾಠ ಹೇಳುವ ನಾವು ಇದನ್ನು ಮರೆಮಾಚಲಾರೆವು. ನಮ್ಮ ಶಿವಮೊಗ್ಗೆಯಲ್ಲಿ ಜನಿಸಿ, ಲಂಡನ್ನಿನಲ್ಲಿ ವೈದ್ಯವಿದ್ಯೆಯನ್ನು ಕಲಿತು, ಮುಂಬಯಿಯ ಕಾಮಾ ಆಸ್ಪತ್ರೆಯ ಮೇಲ್ವಿಚಾರಕಿಯಾಗಿದ್ದ ಡಾಕ್ಟರ್ ಜೆರುಷಾ ಝಿರಾಡರು ಬೆನೆ ಇಸ್ರಾಯೇಲರ ಕುಲದವರು. ಇವರು 1925ರಲ್ಲಿ ಮುಂಬಯಿಯಲ್ಲಿ ಯೆಹೂದ್ಯ ಧಾರ್ಮಿಕ ಸಂಘವನ್ನು ಸ್ಥಾಪಿಸಿ, ಉದಾರಪಂಥದ ಆರಾಧನೆಯನ್ನು ನಮ್ಮ ದೇಶಕ್ಕೆ ತಂದರು. ಇಂದು ಆ ಪಂಥದ ಸಭೆಗಳಲ್ಲಿ ಸ್ತ್ರೀಯರೂ ಎಣಿಕೆಗೆ ಸೇರುವರು. ಸಭೆಯನ್ನು ತೊರೆಯದೆ ಅದರೊಳಗೇ ಸ್ಥಳವನ್ನು ವಿಸ್ತರಿಸಿದ ಈ ಮಹಿಳೆಗೆ 1966ರಲ್ಲಿ ಪದ್ಮಶ್ರೀ ಪ್ರಶಸ್ತಿಯು ದೊರೆಯಿತು.

ಪ್ರಿಯ ವಿದ್ಯಾರ್ಥಿನಿಯರೇ, ಪ್ರತಿದಿನ ಬೆಳಿಗ್ಗೆ ಹಾಜರಿ ಕರೆಯುವಾಗ ಒಂದು ಹೆಸರಿಗೆ ಉತ್ತರ ಬಾರದಿದ್ದರೆ ತರಗತಿಯೆಲ್ಲವೂ ಆ ಪೀಠದ ಕಡೆಗೆ ತಿರುಗಿ ನೋಡುತ್ತಿದ್ದುದು ನಿಮಗೆ ನೆನಪಿರಬಹುದು. ನೀವಿರುವ ಊರಿನಲ್ಲಿ, ನಿಮ್ಮ ಸಂಘದಲ್ಲಿ, ಹೊಸದಾಗಿ ಬಂದವಳೊಬ್ಬಳು ಒಂದು ವಾರ ಕಾಣದಿದ್ದರೆ ಅವಳ ಮನೆಯ ತನಕ ಹೋಗಿ ವಿಚಾರಿಸಿರಿ. ನೀವೇ ಹೊಸಬರಾಗಿದ್ದರೆ, ಕರೆಯುವ ತನಕ ಕಾಯದೆ ಹೋಗಿ ಕುಳಿತುಕೊಳ್ಳಿರಿ. ಅಲ್ಲಿ ಒಂಭತ್ತು ಮಂದಿ ನಿಮಗಾಗಿ ಕಾದಿರಬಹುದು.