ನೀವು ಬರೆದದ್ದೇ ಪ್ರಶ್ನೆಪತ್ರಿಕೆ

ಬ್ಯಾಂಕ್ ಅಧಿಕಾರಿ ಹುದ್ದೆಯ ಲಿಖಿತ ಪರೀಕ್ಷೆ ಪಾಸಾದ ಹುಡುಗ ಹುಡುಗಿಯರು ಸಂದರ್ಶನಕ್ಕೆ ಮೊದಲು ನನ್ನಲ್ಲಿಗೆ ಬರುವುದುಂಟು. ನಿವೃತ್ತ ಬ್ಯಾಂಕ್ ನೌಕರನ ಮನೆಯಲ್ಲಿ ಕಾಫಿಯ ಜತೆಗೆ ಉಪದೇಶವೂ ಉಚಿತವೆಂದು ನಮ್ಮ ಬೀದಿಗೆಲ್ಲ ಗೊತ್ತು. ಬಂದವರ ಕೈಯಲ್ಲಿ ದಪ್ಪನೆಯ ಗೈಡು ಇದ್ದೇ ಇರುತ್ತದೆ. ರೆಪೊ ದರ, ರಿಸರ್ವ್ ಬ್ಯಾಂಕಿನ ಗವರ್ನರುಗಳ ಪಟ್ಟಿ, ದೇಶದೇಶಗಳ ನಾಣ್ಯ ಎಲ್ಲವೂ ಬಾಯಿಪಾಠ.

ಒಮ್ಮೆ ಉಡುಪಿಯ ಹುಡುಗನೊಬ್ಬ ಬಂದಿದ್ದ.

‘ನಿಮ್ಮೂರಲ್ಲಿ ಹುಟ್ಟಿದ ಬ್ಯಾಂಕು ಯಾವುದಪ್ಪಾ?’ ಎಂದೆ. ಆತ ತಾರಸಿ ನೋಡತೊಡಗಿದ.

1906ರಲ್ಲಿ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು, ಎರಡೂ ಮೊಳಕೆಯೊಡೆದದ್ದು ಅವನ ಊರಿನಲ್ಲೇ. 1928ರಲ್ಲಿ ಶುರುವಾದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಮನೆಬಾಗಿಲಿಗೆ ಬಂದು ಕಟ್ಟಿಸಿಕೊಳ್ಳುತ್ತಿದ್ದರು. 2020ರ ಏಪ್ರಿಲ್ 1ರಂದು ಮೊದಲನೆಯದು ಯೂನಿಯನ್ ಬ್ಯಾಂಕಿನಲ್ಲಿ, ಎರಡನೆಯದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದವು. ಇಷ್ಟು ಹೇಳಿದಾಗ ಹುಡುಗ, ‘ನಮ್ಮಜ್ಜ ಪಿಗ್ಮಿ ಕಟ್ಟಿಯೇ ಅತ್ತೆಗೆ ಬಳೆ ಮಾಡಿಸಿದ್ದರಂತೆ ಸಾರ್’ ಎಂದ! ಗೈಡಿನಲ್ಲಿ ಇಲ್ಲದ ಉತ್ತರ ಮನೆಯಲ್ಲೇ ಇತ್ತು.

ಸಂದರ್ಶನ ಮಂಡಳಿಯ ಮುಂದೆ ಇರುವುದು ನೀವೇ ತುಂಬಿಕೊಟ್ಟ ಬಯೋಡೇಟಾ. ಹೆಸರು, ಊರು, ಪದವಿ, ಹವ್ಯಾಸ. ನಿಮ್ಮ ಪರಿಚಯವಿಲ್ಲದವರು ಮಾತು ತೆಗೆಯುವುದು ಅಲ್ಲಿಂದಲೇ. ಎಂಜಿನಿಯರಿಂಗ್ ಓದಿದವರಿಗೆ ‘ಬ್ಯಾಂಕಿಗೇಕೆ ಬಂದಿರಿ?’ ಎಂಬ ಪ್ರಶ್ನೆ ತಪ್ಪಿದ್ದಲ್ಲ. ಹವ್ಯಾಸ ‘ಪುಸ್ತಕ ಓದುವುದು’ ಎಂದು ಬರೆದವರು ಕಳೆದ ತಿಂಗಳು ಯಾವುದನ್ನು ಓದಿದಿರೆಂದು ಹೇಳಲು ಸಿದ್ಧರಿರಬೇಕು. ಓದದಿದ್ದರೆ ಬರೆಯಬೇಡಿ. ನನ್ನ ಕಾಲದಲ್ಲಿ ನಾನು ಚದುರಂಗ ಎಂದು ಬರೆದು, ಮೊದಲ ನಡೆಯೇ ತಿಳಿಯದೆ ಬೆವರಿದ್ದೆ. ಆ ಕೆಲಸ ಸಿಗಲಿಲ್ಲ.

ಐಬಿಪಿಎಸ್ ಮೂಲಕ ನಡೆಯುವ ಪ್ರೊಬೇಷನರಿ ಆಫೀಸರ್ ನೇಮಕದಲ್ಲಿ ಸಂದರ್ಶನಕ್ಕೆ 100 ಅಂಕ. ಕನಿಷ್ಠ ಶೇ. 40, ಮೀಸಲು ವರ್ಗದವರಿಗೆ ಶೇ. 35 ಬರಬೇಕು. ಕೊನೆಯ ಪಟ್ಟಿಗೆ ಲಿಖಿತದ್ದು 80 ಪಾಲು, ಸಂದರ್ಶನದ್ದು 20. ಅಂದರೆ ಇಲ್ಲಿ ಹತ್ತು ಅಂಕ ಹೆಚ್ಚು ಬಂದರೆ ಅಲ್ಲಿ ಎರಡು ಸೇರಿದಂತೆ. ಎರಡೇ ಎನ್ನಬೇಡಿ, ಅರ್ಧ ಅಂಕಕ್ಕೆ ಕೈತಪ್ಪಿದವರನ್ನು ಕಂಡಿದ್ದೇನೆ.

ಮೂಲ ಪ್ರಮಾಣಪತ್ರಗಳನ್ನು ಹಿಂದಿನ ರಾತ್ರಿಯೇ ಜೋಡಿಸಿಡಿ, ಹೊಸ ಬೂಟು ಅಂದೇ ಮೊದಲು ಹಾಕಬೇಡಿ ಎಂಬುದನ್ನೆಲ್ಲ ಯಾರಾದರೂ ಹೇಳುತ್ತಾರೆ. ಗೊತ್ತಿಲ್ಲದ್ದನ್ನು ‘ಗೊತ್ತಿಲ್ಲ ಸಾರ್’ ಎನ್ನಲು ಮಾತ್ರ ಅಭ್ಯಾಸ ಬೇಕು. ಕನ್ನಡಿಯ ಮುಂದೆ ನಿಂತಾದರೂ ಅನ್ನಿ.

ದಾವಣಗೆರೆ ಕಡೆಯ ಒಬ್ಬ ಹುಡುಗಿಯ ಸಂಕಟವೇ ಬೇರೆ. ಬಿ.ಕಾಂ. ಮುಗಿದ ಮೇಲೆ ಎರಡು ವರ್ಷ ಖಾಲಿ. ಅಪ್ಪನಿಗೆ ಲಕ್ವ ಹೊಡೆದು, ಕಿರಾಣಿ ಅಂಗಡಿಯನ್ನು ಇವಳೇ ನಡೆಸಿದ್ದಳು. ‘ಅದನ್ನ ಹೇಳಿದ್ರೆ ನಗ್ತಾರೆ ಸಾರ್. ಕೋಚಿಂಗಿಗೆ ಹೋಗ್ತಿದ್ದೆ ಅಂತ ಹೇಳ್ಲಾ?’ ಎಂದಳು.

‘ಉದ್ರಿ ಕೊಡ್ತಿದ್ಯೇನಮ್ಮಾ?’

‘ಕೊಡದೆ ಹಳ್ಳೀಲಿ ಅಂಗಡಿ ನಡೆಯುತ್ತಾ ಸಾರ್?’

‘ಯಾರಿಗೆ ಕೊಡ್ತಿದ್ದೆ, ಯಾರಿಗೆ ಇಲ್ಲ?’

ಆಗ ಹುಡುಗಿ ಅರಳಿದಳು. ಮೆಕ್ಕೆಜೋಳ ಮಾರಾಟವಾಗುವವರೆಗೆ ರೈತರಿಗೆ ಕಾಯಬೇಕು, ವಾರದ ಕೂಲಿಯವರಿಗೆ ಶನಿವಾರದ ಗಡುವು, ಹಳೆ ಬಾಕಿಯಲ್ಲಿ ಸ್ವಲ್ಪವಾದರೂ ಕೊಡದವರಿಗೆ ಹೊಸ ಉದ್ರಿ ಇಲ್ಲ. ಕಂತೋ ಬಡ್ಡಿಯೋ 90 ದಿನ ಮೀರಿ ಬಾಕಿ ಉಳಿದರೆ ಆ ಸಾಲವನ್ನು ಬ್ಯಾಂಕಿನವರು ಎನ್‌ಪಿಎ, ಅಂದರೆ ವಸೂಲಾಗದ ಸಾಲ ಎನ್ನುತ್ತಾರೆ. ಬೆಳೆ ಸಾಲಕ್ಕೆ ಮಾತ್ರ ಲೆಕ್ಕ ಬೆಳೆಯ ಹಂಗಾಮಿನ ಮೇಲೆ. ಆ ಉದ್ರಿ ಪುಸ್ತಕದಲ್ಲಿ ಎರಡೂ ಇದ್ದವು, ಹೆಸರು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಕೋಚಿಂಗಿನ ಸುಳ್ಳು ಬೇಡ, ಅಂಗಡಿಯನ್ನೇ ಬರೆ ಎಂದೆ. ಅರೆಮನಸ್ಸಿನಿಂದಲೇ ಒಪ್ಪಿ ಹೋದಳು.

ಸಂದರ್ಶನದ ದಿನ ಸಂಜೆ ಫೋನ್ ಬಂತು. ‘ಬರೀ ಅಂಗಡಿ ವಿಷಯಾನೇ ಕೇಳಿದ್ರು ಸಾರ್. ಒಬ್ಬರು ಮೇಡಂ, ಉದ್ರಿ ವಾಪಸ್ ಕೊಡದವರ ಮನೆಗೆ ಹೋಗಿ ಏನಂತಿದ್ದೆ ಅಂತ ಕೇಳಿದ್ರು.’

‘ಏನಂದೆ?’

‘ಮೊದ್ಲು ನೀರು ಕೇಳ್ತಿದ್ದೆ, ಆಮೇಲೆ ದುಡ್ಡು ಅಂದೆ. ಎಲ್ಲಾ ನಕ್ಕುಬಿಟ್ರು.’

ಈಗ ಆಕೆ ಹಳ್ಳಿಯ ಶಾಖೆಯೊಂದರಲ್ಲಿ ಅಧಿಕಾರಿ. ಉದ್ರಿ ಪುಸ್ತಕ ತಮ್ಮನ ಕೈಗೆ ಹೋಗಿದೆಯಂತೆ. ಅವನು ವಸೂಲಿಯಲ್ಲಿ ಸ್ವಲ್ಪ ಮೆತ್ತಗೆ ಎಂದು ಅಕ್ಕನ ದೂರು.