ಬೆಂಕಿಯಲ್ಲಿ ದುಡಿಯುವ ಅಲಗು

ಮಾಲೂರಿನ ಹೆಂಚು ಬೆಂಕಿಯಲ್ಲಿ ಬೆಂದು ಗಟ್ಟಿಯಾಗುತ್ತದೆ. ಜೆಟ್ ಎಂಜಿನ್ನಿನ ಟರ್ಬೈನ್ ಚಕ್ರದ ಅಲಗಾದರೋ ಬೆಂಕಿಯಲ್ಲಿ ಸವೆಯುತ್ತದೆ. 1961ರಲ್ಲಿ ಮೊದಲು ಹಾರಿದ ಮರುತ್ ವಿಮಾನದ ಆರ್ಫಿಯಸ್ ಎಂಜಿನ್ನುಗಳನ್ನು ನೆರೆಯ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ನಿರ್ಮಿಸಿತು. ಆ ಬಳಿಕ ಎಂಜಿನ್ನುಗಳ ಬಿಸಿ ಏರುತ್ತಲೇ ಬಂದುದನ್ನು ನಾವು ಕಾಣುತ್ತೇವೆ. ಇಂದು ಅನಿಲದ ಉಷ್ಣತೆ 1500 ಡಿಗ್ರಿ ಸೆಲ್ಸಿಯಸನ್ನು ಮೀರುವುದುಂಟು. ಅಲಗಿನ ನಿಕ್ಕಲ್ ಮಿಶ್ರಲೋಹ ಅದಕ್ಕೂ ಮೊದಲೇ ಕರಗುತ್ತದೆ. ಆದುದರಿಂದ ಅಲಗಿನೊಳಗೆ ಗಾಳಿ ಹಾಯಿಸಿ, ಹೊರಗೆ ಹೆಂಚಿನಂತೆ ಬಿಸಿ ತಾಳುವ ಜಿರ್ಕೋನಿಯದ ತೆಳುಲೇಪವನ್ನು ತೊಡಿಸುತ್ತಾರೆ.

ಲೇಪ ಸಿಡಿದರೆ ಕಳಚಿ ಮತ್ತೆ ಲೇಪಿಸಬಹುದು; ಸಣ್ಣ ಬಿರುಕನ್ನು ಬೆಸೆಯಬಹುದು. ಆದರೆ ಬಿಸಿಯಲ್ಲಿ ರಭಸದಿಂದ ತಿರುಗುವ ಲೋಹ ಮೆಲ್ಲಮೆಲ್ಲನೆ ಹಿಗ್ಗಿ, ಒಳಗೆ ಕಾಣದ ರಂಧ್ರಗಳೇಳುತ್ತವೆ. ಹೊಸ ಲೇಪ ಅದನ್ನು ಮರೆಮಾಚೀತೇ ಹೊರತು ಕಾಯದು. ಮುರಿದ ಒಂದೇ ಅಲಗು ಪೈಲಟನ ಪ್ರಾಣಕ್ಕೆ ಕುತ್ತು ತರಬಲ್ಲದು. ಆದಕಾರಣ ದುರಸ್ತಿಯ ಮೊದಲ ಕೆಲಸ ಅಳತೆ. ಮಿತಿಮೀರಿ ಹಿಗ್ಗಿದುದನ್ನು ತ್ಯಜಿಸಲೇಬೇಕು.