ಹೊಲದೊಳಗಿನ ಹಣವೂ ನಾಡಿನ ಇತಿಹಾಸವೂ

ಕಾಲಿದ್ದವರು ಹಂಪಿಯನ್ನೂ ಕಣ್ಣಿದ್ದವರು ಕನಕಗಿರಿಯನ್ನೂ ನೋಡಬೇಕೆಂಬ ಗಾದೆಯನ್ನರಿಯದ ಕನ್ನಡಿಗರು ವಿರಳ. ಆದರೆ ಕನಕಾಚಲಪತಿಯ ದೇವಾಲಯವನ್ನು ಕಂಡು ಮರಳುವ ಯಾತ್ರಿಕರು ಊರ ಸುತ್ತಲಿನ ಹೊಲಗಳತ್ತ ಕಣ್ಣು ಹಾಯಿಸುವದಿಲ್ಲ. ಅತ್ತ ಕಣ್ಣಿಟ್ಟವರೇ ಬೇರೆ. ನೆಲದೊಳಗಿನ ಲೋಹವನ್ನು ಪತ್ತೆಹಚ್ಚುವ ಯಂತ್ರವು ಈಗ ಹಣ ಕೊಟ್ಟವರಿಗೆ ಪೇಟೆಯಲ್ಲಿಯೇ ದೊರೆಯುವದು. ಅದರ ತುದಿಯ ತಂತಿಸುರುಳಿಯಲ್ಲಿ ವಿದ್ಯುತ್ತು ಹರಿದು ಕಾಂತಕ್ಷೇತ್ರವುಂಟಾಗುತ್ತದೆ. ಕೆಳಗೆ ಲೋಹವಿದ್ದರೆ ಆ ಕ್ಷೇತ್ರವು ಕದಡಿ ಯಂತ್ರವು ಕೂಗುತ್ತದೆ. ಕೂಗಿದ್ದು ಹಳೆಯ ಕುಳಕ್ಕೋ, ವರಹಕ್ಕೋ ಎಂಬುದು ಅಗೆದ ಮೇಲೆಯೇ ನಿಶ್ಚಯವಾಗತಕ್ಕದ್ದು. ಹಿಂದೆ ಅಂಜನ ಹಾಕಿಸಿ ನಿಧಿಯನ್ನರಸುತ್ತಿದ್ದವರ ಕೈಗೆ ಈ ಯಂತ್ರವು ಸೇರಿದರೆ ಆಗುವ ಹಾನಿಯೇನೆಂಬುದನ್ನು ವಿದ್ಯಾವಂತರಾದ ನಮ್ಮ ವಾಚಕರು ಯೋಚಿಸಬೇಕೆಂದು ಈ ಮಾತುಗಳನ್ನು ಬರೆಯುತ್ತಿದ್ದೇವೆ.

ಹೋಗುವದು ಬರಿಯ ಬಂಗಾರವಲ್ಲ. 1892ರಲ್ಲಿ ರೈಸ್ ಸಾಹೇಬರು ಬೆಳಕಿಗೆ ತಂದ ಬ್ರಹ್ಮಗಿರಿಯ ಅಶೋಕ ಶಾಸನದಲ್ಲಿ, ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಆಜ್ಞೆಯನ್ನು ಕಳುಹಿದ ಸಂಗತಿಯಿದೆ. ಆ ಸುವರ್ಣಗಿರಿಯೇ ನಮ್ಮ ಕನಕಗಿರಿಯೆಂದು ಕೆಲವು ವಿದ್ವಾಂಸರು ಎಣಿಸಿದರೆ, ಮಸ್ಕಿಯೆಂದೂ ಆಂಧ್ರದ ಜೊನ್ನಗಿರಿಯೆಂದೂ ಬೇರೆಯವರು ವಾದಿಸಿದ್ದಾರೆ. ವಾದವಿನ್ನೂ ತೀರಿಲ್ಲ. ಇದನ್ನು ತೀರಿಸಬಲ್ಲ ಸಾಕ್ಷ್ಯವು ಗ್ರಂಥಗಳಲ್ಲಿಲ್ಲ, ಮಣ್ಣಿನಲ್ಲಿದೆ: ಮೌರ್ಯರ ಕಾಲದ ಮುದ್ರೆಯೊತ್ತಿದ ಬೆಳ್ಳಿಯ ನಾಣ್ಯಗಳು, ಅವುಗಳೊಡನೆ ಬಿದ್ದ ಮಡಕೆಯ ಚೂರು, ಮಣಿ, ಇಟ್ಟಿಗೆ. ಆ ನಾಣ್ಯವು ಇಂಥ ಊರಿನ ಇಂಥ ಹೊಲದಲ್ಲಿ ಇಷ್ಟು ಆಳದಲ್ಲಿ ದೊರೆಯಿತೆಂದು ಗೊತ್ತಿದ್ದರೆ ಅದು ಸಾಕ್ಷಿ. ಗೊತ್ತಿರದಿದ್ದರೆ ಅದು ಚಿನಿವಾರನ ತಕ್ಕಡಿಗೆ ಬೀಳುವ ಬೆಳ್ಳಿಯ ತುಣುಕು ಮಾತ್ರ.

ಇದು ಬರಿಯ ಊಹೆಯಲ್ಲ. 1947ರಲ್ಲಿ ವ್ಹೀಲರ್ ಸಾಹೇಬರು ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಅಗೆಯಿಸಿದಾಗ ರೋಮಿನ ಚಕ್ರವರ್ತಿಯಾದ ತಿಬೇರಿಯಸನ ಬೆಳ್ಳಿಯ ನಾಣ್ಯವು ದೊರೆಯಿತು. ಅದು ತನ್ನ ಮಣ್ಣಿನ ಪದರಿನಲ್ಲಿಯೇ ಇದ್ದುದರಿಂದ, ಅಲ್ಲಿಯ ಮಡಕೆಗಳ ಕಾಲವನ್ನು ಕ್ರಿಸ್ತಶಕದ ಮೊದಲನೆಯ ಶತಮಾನದ ಸುತ್ತಿಗೆ ಕಟ್ಟಲು ಆಧಾರವಾಯಿತು. ಅದೇ ನಾಣ್ಯವನ್ನು ಯಾರೋ ರಾತ್ರಿ ಕಿತ್ತೊಯ್ದಿದ್ದರೆ, ಆ ಮಡಕೆಗಳು ಈ ಆಧಾರವನ್ನು ಕಳಕೊಂಡು ಮೂಕವಾಗುತ್ತಿದ್ದವು.

ನಮ್ಮ ನೆರೆಯ ಮಸ್ಕಿಯ ಕಥೆಯು ಇನ್ನೂ ಬೋಧಪ್ರದವಾದುದು. 1915ರಲ್ಲಿ ಬೀಡನ್ ಎಂಬ ಗಣಿಯ ಇಂಜಿನಿಯರನು ಚಿನ್ನದ ಅದಿರನ್ನರಸುತ್ತ ಬಂದು ಬಂಡೆಯ ಮೇಲೆ ಅಕ್ಷರಗಳನ್ನು ಕಂಡನು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದನ್ನು ಹೆಸರೆತ್ತಿ ಸಾರಿದ ಶಾಸನಗಳಲ್ಲಿ ಮೊಟ್ಟಮೊದಲು ದೊರೆತುದು ಅದುವೇ. ಚಿನ್ನಕ್ಕಾಗಿ ಬಂದವನು ಕಂಡುದನ್ನು ಬಚ್ಚಿಡದೆ ತಿಳಿಸಿದ್ದರಿಂದ ಇಡೀ ಭರತಖಂಡದ ಚರಿತ್ರೆಯ ಸಂದೇಹವೊಂದು ಬಗೆಹರಿಯಿತು.

ಇನ್ನು ವಿಜಯನಗರದ ನಾಣ್ಯಗಳ ಮಾತು. ವರಹ, ಪ್ರತಾಪ, ಪಣ, ತಾರ, ಜಿತಲ್ ಎಂಬ ಹೆಸರುಗಳು ಒಂದು ಕಾಲಕ್ಕೆ ಈ ಸೀಮೆಯ ಸಂತೆಗಳಲ್ಲಿ ಓಡಾಡಿದವು. ಕೃಷ್ಣದೇವರಾಯನ ವರಹದ ಮೇಲೆ ಬಾಲಕೃಷ್ಣನಿದ್ದಾನೆ. ಅಚ್ಯುತರಾಯನದರ ಮೇಲೆ ಗಂಡಭೇರುಂಡವಿದೆ. ಪಣವು ಮಸೂರಿಯ ಕಾಳಿನಷ್ಟು ಚಿಕ್ಕದು. ದೊಡ್ಡ ಮಳೆಯು ಮೇಲ್ಮಣ್ಣನ್ನು ತೊಳೆದ ಮೇಲೆ ಕಣ್ಣಿಗೆ ಬಿದ್ದರೂ ಬೀಳಬಹುದು. ಇಂಥದು ಸಿಕ್ಕಾಗ ರೈತನು ಏನು ಮಾಡುವನು? ಬಹುಮಟ್ಟಿಗೆ ಬಾಯಿ ಮುಚ್ಚಿಕೊಳ್ಳುವನು. ಹೇಳಿದರೆ ಠಾಣೆಗೆ ಅಲೆದಾಟ, ಉಳಿದುದೆಲ್ಲಿ ಎಂಬ ಗದರಿಕೆ, ಬಿತ್ತಿದ ಹೊಲದಲ್ಲಿ ಜನಜಂಗುಳಿ ಎಂಬ ಭಯವು ಅವನಿಗಿದೆ. ಕುಲುಮೆಯು ಯಾವ ಪ್ರಶ್ನೆಯನ್ನೂ ಕೇಳುವದಿಲ್ಲ. ಬಾಲಕೃಷ್ಣನು ಕರಗಿ ಬೆಂಡೋಲೆಯಾಗುವನು.

ಕಾನೂನು ಇಲ್ಲವೆಂದಲ್ಲ. ಹತ್ತು ರೂಪಾಯಿಗೆ ಮಿಕ್ಕಿದ ನಿಧಿಯನ್ನು ಕಲೆಕ್ಟರರಿಗೆ ತಿಳಿಸಬೇಕೆಂದೂ, ವಾರಸುದಾರರು ಬಾರದಿದ್ದರೆ ಕಂಡವನಿಗೆ ಮುಕ್ಕಾಲು, ಭೂಮಿಯ ಒಡೆಯನಿಗೆ ಕಾಲು ಪಾಲೆಂದೂ 1878ರ ಅಧಿನಿಯಮವೇ ವಿಧಿಸಿತ್ತು. ಸರಕಾರವು ತಾನೇ ಕೊಂಡರೆ ಲೋಹದ ಬೆಲೆಯ ಮೇಲೆ ಐದನೆಯ ಒಂದು ಪಾಲು ಹೆಚ್ಚು ಕೊಡಬೇಕಾಗಿತ್ತು. ಕರ್ನಾಟಕಕ್ಕೆ 1962ರ ಪ್ರತ್ಯೇಕ ನಿಧಿ ಅಧಿನಿಯಮವಿದೆ. ಆದರೆ ಶಿಕ್ಷೆಯ ಮಾತು ಹಳ್ಳಿಗೆ ಮುಟ್ಟಿದಷ್ಟು ಬಹುಮಾನದ ಮಾತು ಮುಟ್ಟಿಲ್ಲ.

ಇಂಗ್ಲಂಡದಲ್ಲಿ 1996ರ ಕಾನೂನಿನ ಮೇರೆಗೆ ನಿಧಿಯನ್ನು ಕಂಡವನು 14 ದಿನಗಳೊಳಗೆ ವರದಿ ಮಾಡಬೇಕು. 1997ರಿಂದ ಹೊಲಗಳಲ್ಲಿ ದೊರೆತ ಸಣ್ಣ ವಸ್ತುಗಳನ್ನೂ ಸ್ಥಳಸಮೇತ ಬರೆದಿಡುವ ಏರ್ಪಾಡಾಗಿದೆ. 2009ರಲ್ಲಿ ಸ್ಟಾಫರ್ಡ್‌ಶೈರಿನ ಹೊಲವೊಂದರಲ್ಲಿ ಯಂತ್ರದಿಂದ ದೊರೆತ ಬಂಗಾರದ ರಾಶಿಯು 32 ಲಕ್ಷ 85 ಸಾವಿರ ಪೌಂಡುಗಳಿಗೆ ವಸ್ತುಸಂಗ್ರಹಾಲಯಗಳಿಗೆ ಸೇರಿತು. ಆ ಹಣವನ್ನು ಕಂಡವನೂ ಹೊಲದವನೂ ಸಮವಾಗಿ ಹಂಚಿಕೊಂಡರು. ಅಲ್ಲಿಯ ಯಂತ್ರಸ್ವಾತಂತ್ರ್ಯವು ನಮಗೆ ಬೇಕೆಂದು ನಾವು ಹೇಳುವದಿಲ್ಲ. ಹಾಳುದಿಬ್ಬ ಎಲ್ಲಿದೆಯೆಂಬ ಪಟ್ಟಿಯೇ ಪೂರ್ತಿಯಾಗಿರದ ನಾಡಿನಲ್ಲಿ ಯಂತ್ರವು ಇಲಾಖೆಯ ಕೈಯಲ್ಲಿಯೇ ಇರಬೇಕು. ನಾವು ಕಲಿಯಬೇಕಾದುದು ಅಲ್ಲಿಯವರು ರೈತನ ಮೇಲಿಟ್ಟ ವಿಶ್ವಾಸವನ್ನು.

ಆದುದರಿಂದ ಅಧಿಕಾರಿಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ನಾಣ್ಯವನ್ನು ತಂದೊಪ್ಪಿಸಿದವನಿಗೆ ಆ ಕ್ಷಣವೇ ರಸೀದಿ ಸಿಗಲಿ; ದೊರೆತ ಹೊಲದ ಸರ್ವೆ ನಂಬರೂ ಆಳವೂ ದಾಖಲಾಗಲಿ; ಸಲ್ಲತಕ್ಕ ಬಹುಮಾನವು ಅವನ ಆಯುಷ್ಯದೊಳಗೇ ಸಲ್ಲಲಿ; ಅವನ ನಾಣ್ಯವು ಕಪಾಟಿನಲ್ಲಿ ಕೊಳೆಯದೆ ಜಿಲ್ಲೆಯ ಜನರ ಕಣ್ಣಿಗೆ ಬೀಳಲಿ. ಪಟ್ಟಣಿಗರಲ್ಲಿಯೂ ಒಂದು ಮಾತು: ಕದ್ದ ನಾಣ್ಯವನ್ನು ಕೊಳ್ಳುವ ಶೋಕಿಯು ನಿಂತರೆ ಅಗೆಯುವವನ ಸನಿಕೆಯೂ ಅರ್ಧ ನಿಂತೀತು.

ಸುವರ್ಣಗಿರಿಯು ಕನಕಗಿರಿಯೇ ಆಗಿರಬಹುದು, ಆಗಿರಲಿಕ್ಕಿಲ್ಲ. ಆ ಪ್ರಶ್ನೆಗೆ ಉತ್ತರವು ಯಾವನೋ ಬಡ ಒಕ್ಕಲಿಗನ ಕುಂಟೆಯ ತುದಿಗೆ ನಾಳೆ ತಗುಲಬಹುದು. ಅಂದು ಅವನು ಕಚೇರಿಯ ದಾರಿಯನ್ನು ಹಿಡಿಯುವನೋ, ಕುಲುಮೆಯ ದಾರಿಯನ್ನೋ ಎಂಬುದು ಇಂದು ನಾವು ಅವನೊಡನೆ ನಡೆದುಕೊಳ್ಳುವ ರೀತಿಯನ್ನು ಅವಲಂಬಿಸಿದೆ.